ಆನ್‌ಲೈನ್ ಕಂಪನಿ ಮ್ಯಾಲ ದೂರು ಬರದ ಕೊಡ್ರಿ, ಚಾಟ್ ಮಾಡಿ ಬಿಡಬ್ಯಾಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಒಟಿಪಿ ಕೇಳಿ ರೊಕ್ಕ ಹೊಡದ್ರು, ಲಿಂಕ್ ಒತ್ತಿದ್ದಕ್ಕ ಅಕೌಂಟ್ ಖಾಲಿ ಆತು ಅನ್ನೋ ಸುದ್ದಿ ನಿಮ್ಮ ಪೇಪರಿನಾಗ ಮ್ಯಾಲಿಂದ ಮ್ಯಾಲ ಬರ್ತಾವು, ಬರಬೇಕು. ಆದ್ರ ಎಲ್ಲಾರಿಗೂ ಗೊತ್ತಿರೋ ದೊಡ್ಡ ಆನ್‌ಲೈನ್ ಕಂಪನಿಯಿಂದ, ಬಿಲ್ ಸಮೇತ, ಪೂರ್ತಿ ರೊಕ್ಕ ಕೊಟ್ಟು ತರಿಸಿದ ಮಾಲು ಕೆಟ್ಟು ಬಂದ್ರ, ಇಲ್ಲಾ ತೋರಿಸಿದ್ದೊಂದು ಕಳಿಸಿದ್ದೊಂದು ಆದ್ರ ಮುಂದ ಏನ್ ಮಾಡಬೇಕು ಅಂತ ಹೇಳೋರು ನಮ್ಮ ಕಡಿ ಯಾರೂ ಇಲ್ಲ. ಕಾರಟಗಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ ಕಡಿ ಈಗ ಹಳ್ಳಿ ಹಳ್ಳಿಗೂ ಪಾರ್ಸೆಲ್ ಬರ್ತಾವು, ಸೀರಿ ಚಪ್ಪಲಿಯಿಂದ ಹಿಡ್ದು ಮಿಕ್ಸರ್, ಮೊಬೈಲ್, ಹೊಲದ ಸಾಮಾನಿನ ತನಕ. ಕೆಟ್ಟು ಬಂದಾಗ ಮಾತ್ರ ಮಂದಿ ಮಾಡೋದು ಒಂದ, ಆ್ಯಪಿನಾಗ ಚಾಟ್ ಮಾಡ್ತಾರ, ಆ ಕಡಿಯಿಂದ ಸಾರಿ ಅಂತ ಬರ್ತೈತಿ, ಎರಡು ದಿನ ಕಾಯ್ರಿ ಅಂತ ಬರ್ತೈತಿ, ಆಮ್ಯಾಲ ಹೋಗ್ಲಿ ಬಿಡು ಅಂತ ಸುಮ್ನಾಗಿಬಿಡ್ತಾರ. ನಾನು ಹೇಳಾಕ ಹೊಂಟಿದ್ದು ಇಷ್ಟ, ಚಾಟ್ ಮಾಡಿದ್ರ ದೂರು ಕೊಟ್ಟಂಗ ಆಗಂಗಿಲ್ಲ. ಕಾಯ್ದೆದಾಗ ಹೇಳಿದ ಅಧಿಕಾರಿಗೆ ಬರದು, ನಂಬರ್ ತಗೊಂಡು, ಅದಕ್ಕೂ ಬಗ್ಗಲಿಲ್ಲಂದ್ರ ನಮ್ಮ ಜಿಲ್ಲಾ ಗ್ರಾಹಕರ ಆಯೋಗಕ್ಕ ಹಾಕಬೇಕು. ಇದನ್ನ ಕಾರಟಗಿದಾಗ ಕುಂತ ಮಾಡಾಕ ಬರ್ತೈತಿ, ಬೆಂಗಳೂರಿಗೆ ಹೋಗೋದು ಬ್ಯಾಡ, ದೊಡ್ಡ ರೊಕ್ಕಾನೂ ಬ್ಯಾಡ.

ನಮ್ಮದ ಹೇಳ್ತೀನಿ. ನಮ್ಮ ತಮ್ಮ ತುಂಗಭದ್ರಾ ಎಡದಂಡೆ ನಾಲಿ ಕೆಳಗ ನೆಲ್ಲು ಹಚ್ಚತಾನ. ಭತ್ತಕ್ಕ ಜಿಗಿಹುಳ ಬಿದ್ರ ಎಣ್ಣಿ, ಅಂದ್ರ ಔಷಧ, ಹೊಡಿಯಾಕ ತಡ ಮಾಡಂಗಿಲ್ಲ, ಗೊತ್ತಿದ್ದವರಿಗೆ ಗೊತ್ತು. ಅದಕ್ಕ ಬೆನ್ನಿಗೆ ಹಾಕ್ಕೊಳ್ಳೋ 16 ಲೀಟರಿನ ಬ್ಯಾಟರಿ ಪಂಪು ಒಂದು ದೊಡ್ಡ ಮಾರ್ಕೆಟ್‌ಪ್ಲೇಸಿನಾಗ (ಬ್ಯಾರೆ ಬ್ಯಾರೆ ಮಾರಾಟಗಾರರು ತಮ್ಮ ಮಾಲು ಇಡೋ ಆ್ಯಪ್) ನನ್ನ ಫೋನಿಂದ ಆರ್ಡರ್ ಹಾಕಿದೆ, ಮೂರು ಸಾವಿರದ ಮ್ಯಾಲಾತು. ಕಂಪನಿ ಹೆಸರು ಇಲ್ಲಿ ಹಾಕಂಗಿಲ್ಲ, ದೂರು ಇನ್ನ ನಡದೈತಿ. ಬಾಕ್ಸ್ ಬಂತು. ತಂದ ಹುಡುಗ ಮೊದ್ಲು ಒಟಿಪಿ ಹೇಳ್ರಿ ಆಮ್ಯಾಲ ಬಿಚ್ಚಿ ನೋಡ್ರಿ ಅಂದ, ಅವಂಗೂ ಆವತ್ತ ಎಷ್ಟು ಮನಿ ತಿರುಗೋದು ಇತ್ತೋ ಏನೋ, ಆ ಹುಡುಗರ ಮ್ಯಾಲ ನನಗ ಸಿಟ್ಟಿಲ್ಲ. ಬಿಚ್ಚಿ ನೋಡಿದ್ರ ಬಾಕ್ಸಿಗೆ ಹಚ್ಚಿದ ಟೇಪಿನ ಕೆಳಗ ಹರದ ಹಳೆ ಟೇಪ್ ಇತ್ತು. ಪಂಪಿನ ನಾಜಲ್ ಬಿಚ್ಚಿದ್ರ ಒಳಗ ಬೆಳ್ಳಗ ಔಷಧ ಒಣಗಿ ಗಟ್ಟಿ ಹಿಡದಿತ್ತು, ಉಗುರಿಂದ ಕೆರದ್ರ ಪುಡಿ ಪುಡಿ ಉದರತಿತ್ತು, ವಾಸನಿನೂ ಹಂಗ ಇತ್ತು. ಯಾರೋ ಒಂದು ಹಂಗಾಮು ಹೊಡ್ದು ವಾಪಸ್ ಮಾಡಿದ್ದನ್ನ ನಮಗ ಹೊಸಾದು ಅಂತ ಕಳಿಸ್ಯಾರ. ತಮ್ಮ ಹಿಂದಿನ ಮುಚ್ಚಳ ಬಿಚ್ಚಿ ಬ್ಯಾಟರಿ ತಗದ, ಆ್ಯಪಿನಾಗ 12 ವೋಲ್ಟ್ 12 ಆಂಪಿಯರ್-ಅವರ್ (ಬ್ಯಾಟರಿದಾಗ ಎಷ್ಟು ಚಾರ್ಜ್ ಹಿಡಿತೈತಿ ಅನ್ನೋ ಲೆಕ್ಕ) ಅಂತ ದಪ್ಪ ಅಕ್ಷರದಾಗ ಬರದಿದ್ರು, ಬ್ಯಾಟರಿ ಮ್ಯಾಲಿನ ಚೀಟಿದಾಗ 12 ವೋಲ್ಟ್ 8 ಆಂಪಿಯರ್-ಅವರ್ ಅಂತ ಇತ್ತು. ಆ 8ರ ಬ್ಯಾಟರಿನೂ ರಾತ್ರಿ ಪೂರಾ ಚಾರ್ಜಿಗೆ ಹಾಕಿದ್ರ ಒಂದೆರಡು ಟ್ಯಾಂಕಿಗೆ ನಿಂತು ಹೋತು. ಇದನ್ನೆಲ್ಲಾ ನಾನು ವಿಡಿಯೋ ಮಾಡಿಟ್ಟೆ, ಬ್ಯಾಟರಿ ಚೀಟಿ ಫೋಟೋ ತಗದೆ, ಆ್ಯಪಿನಾಗಿನ ಜಾಹೀರಾತಿನ ಸ್ಕ್ರೀನ್‌ಶಾಟ್ ಅವತ್ತ ತಗದೆ. ಇದನ್ನ ಎಲ್ಲಾರೂ ಮಾಡ್ಬೇಕು, ಯಾಕಂದ್ರ ನಾಳಿಗೆ ಅದ ಪೇಜಿನಾಗ ಬರದಿದ್ದು ಬದಲಾಗಿರ್ತೈತಿ, ಆಮ್ಯಾಲ ನಮ್ಮ ಮಾತಿಗೆ ಸಾಕ್ಷಿ ಇರಂಗಿಲ್ಲ.

ರಿಟರ್ನ್ ಒತ್ತಿದ್ರ ಈ ಐಟಂಗೆ ರಿಟರ್ನ್ ಇಲ್ಲ, ಟೆಕ್ನಿಷಿಯನ್ ಬಂದು ನೋಡ್ತಾನ ಅಂತ ಬಂತು. ಟೆಕ್ನಿಷಿಯನ್ ಬೇಕು ಅಂದ್ರ ನಿಮ್ಮ ಪಿನ್‌ಕೋಡಿಗೆ ಆ ಸೇವೆ ಇಲ್ಲ ಅಂತ ಬಂತು. ಮಾಲು ತಂದು ಇಳಿಸಾಕ ನಮ್ಮ ಪಿನ್‌ಕೋಡ್ ಆಗ್ತೈತಿ, ರೊಕ್ಕ ತಗೋಳಾಕ ಆಗ್ತೈತಿ, ಕೆಟ್ಟ ಮಾಲು ವಾಪಸ್ ಒಯ್ಯಾಕ ಮಾತ್ರ ಆಗಂಗಿಲ್ಲ ಅಂದ್ರ ಇದು ನಮ್ಮ ಭಾಗದ ಮಂದಿಗೆ ಮಾಡೋ ಅನ್ಯಾಯ ಅಲ್ಲೇನ್ರಿ? ಚಾಟಿನಾಗ ಒಮ್ಮೆ ಮಷೀನ್ ಮಾತಾಡ್ತೈತಿ, ಒಮ್ಮೆ ಮನುಷ್ಯಾರು ಮಾತಾಡ್ತಾರ, ಪ್ರತಿ ಸಲ ಹೊಸಬ್ರು, ಮೊದ್ಲಿಂದ ಕಥಿ ಹೇಳ್ಬೇಕು, ಕನ್ನಡದಾಗ ಟೈಪ್ ಮಾಡಿದ್ರ ಇಂಗ್ಲಿಷ್ ಇಲ್ಲಾ ಹಿಂದಿ ಆರಿಸ್ಕೋರಿ ಅಂತ ಬರ್ತೈತಿ. ಕಡಿಗೆ ಹೇಳಿದ್ದು ಏನಂದ್ರ, ನಾವು ಬರೇ ವೇದಿಕೆ, ಮಾರಿದವ್ರು ಬ್ಯಾರೆ, ಅವ್ರ ಪಾಲಿಸಿ ಪ್ರಕಾರ ಆಗಂಗಿಲ್ಲ, ನೀವು ಅವ್ರನ್ನ ಕೇಳ್ರಿ. ಅವ್ರನ್ನ ಕೇಳೋಣ ಅಂದ್ರ ಅವ್ರ ಫೋನ್ ನಂಬರ್ ಇಲ್ಲ, ಒಂದು ಹೆಸರು ಐತಿ ಅಷ್ಟ.

ಇಲ್ಲಿಗೆ ಮಂದಿ ಕೈ ಬಿಡ್ತಾರ. ಕೈ ಬಿಡಬಾರ್ದು. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿ ಆಗೈತಿ, ಅದರ ಬೆನ್ನಿಗೆ ಜುಲೈ 23ಕ್ಕ ಇ-ಕಾಮರ್ಸ್ ನಿಯಮಗಳು ಬಂದಾವು. ಆ ನಿಯಮದಾಗ ಏನೈತಿ ಅಂದ್ರ ಪ್ರತಿ ಆನ್‌ಲೈನ್ ಕಂಪನಿ ಒಬ್ಬ ಕುಂದುಕೊರತೆ ಅಧಿಕಾರಿ ಇಡಬೇಕು, ಗ್ರೀವನ್ಸ್ ಆಫೀಸರ್ ಅಂತಾರಲ್ಲ ಅವ್ರು, ಅವ್ರ ಹೆಸರು, ಹುದ್ದೆ, ಸಂಪರ್ಕದ ವಿವರ ಎಲ್ಲಾ ಆ್ಯಪ್ ಇಲ್ಲಾ ವೆಬ್‌ಸೈಟಿನಾಗ ಹಾಕಬೇಕು, ದೂರು ಬಂದ 48 ತಾಸಿನಾಗ ಮುಟ್ಟೈತಿ ಅಂತ ಹೇಳಬೇಕು, ಒಂದು ತಿಂಗಳದಾಗ ಪರಿಹಾರ ಕೊಡಬೇಕು. ದೂರಿಗೆ ಟಿಕೆಟ್ ನಂಬರ್ ಕೊಡಬೇಕು, ಅದು ಎಲ್ಲಿಗೆ ಬಂತು ಅಂತ ನಾವು ನೋಡಾಕ ಬರಬೇಕು. ಇದು ಕಂಪನಿ ನಮಗ ಮಾಡೋ ಉಪಕಾರ ಅಲ್ಲ, ನಿಯಮ. ಆದ್ರ ಆ ಅಧಿಕಾರಿ ವಿವರ ಹುಡುಕೋದ ಒಂದು ದೊಡ್ಡ ಕೆಲಸ, ಆ್ಯಪಿನಾಗ ಆಫರ್ ಮ್ಯಾಲ ಆಫರ್ ಕಣ್ಣಿಗೆ ಕುಕ್ಕತಾವು, ಇದು ಮಾತ್ರ ತಳಕ್ಕ ಹೋಗಿ ಸಣ್ಣ ಅಕ್ಷರದ ಇಂಗ್ಲಿಷಿನಾಗ ಷರತ್ತುಗಳ ನಡುವ ಇರ್ತೈತಿ.

ನಾನು ಆ ಅಧಿಕಾರಿಗೆ ಇಮೇಲ್ ಮಾಡಿದೆ, ಅದ ಪತ್ರ ಪ್ರಿಂಟ್ ತಗದು ಸ್ಪೀಡ್ ಪೋಸ್ಟಿಗೂ ಹಾಕಿದೆ, ಪೋಸ್ಟ್ ಆಫೀಸಿನ ಚೀಟಿ ಜೋಪಾನ ಇಟ್ಟೀನಿ. ಆರ್ಡರ್ ನಂಬರ್, ತಾರೀಖು, ಕೊಟ್ಟ ರೊಕ್ಕ, ಏನ್ ತೋರಿಸಿದ್ರು ಏನ್ ಬಂತು, ನನಗ ಏನ್ ಬೇಕು, ಇಷ್ಟ ಬರದಿದ್ದೆ. ಉದ್ದಂದು ಸಿಟ್ಟಿನ ಮಾತು ಬರಿಯೋದು ಬ್ಯಾಡ್ರಿ, ನಮ್ಮ ಸಿಟ್ಟು ನ್ಯಾಯದ್ದ ಇರ್ತೈತಿ, ಆದ್ರ ಓದೋರು ಸಿಟ್ಟಿಗೆ ಉತ್ತರ ಕೊಟ್ಟು ಪಂಪಿನ ವಿಷಯ ಬಿಟ್ಟುಬಿಡ್ತಾರ. ಇನ್ನೊಂದು ಮುಖ್ಯ ಸಾಲು ಅದರಾಗ ಹಾಕಿದ್ದೆ, ಮಾರಿದವನ ಪೂರಾ ವಿಳಾಸ ಕೊಡ್ರಿ ಅಂತ. ಯಾಕಂದ್ರ ಮಾಲು ತಗೊಂಡ ಗ್ರಾಹಕ ಬರದು ಕೇಳಿದ್ರ ಮಾರಿದವನ ಮುಖ್ಯ ಕಚೇರಿ ವಿಳಾಸ, ಶಾಖೆ, ಇಮೇಲ್, ವ್ಯಾಜ್ಯ ಬಗೆಹರಿಸಾಕ ಬೇಕಾದ ಬಾಕಿ ವಿವರ ಮಾರ್ಕೆಟ್‌ಪ್ಲೇಸ್ ಕೊಡಲೇಬೇಕು ಅಂತ ಅದ ನಿಯಮದಾಗ ಐತಿ. ಅವ್ರನ್ನ ಕೇಳ್ರಿ ಅಂತ ಕಂಪನಿ ಜಾರಿಕೊಂಡಾಗ, ಸರಿ ಅವ್ರು ಎಲ್ಲಿ ಅದಾರ ಹೇಳ್ರಿ ಅಂತ ಬರವಣಿಗೆದಾಗ ಕೇಳಾಕ ನಮಗ ಹಕ್ಕೈತಿ. ಕೇಳಿದ ಮ್ಯಾಲ ವಿಳಾಸ ಬಂತು, ಬ್ಯಾರೆ ರಾಜ್ಯದ್ದು, ಬರ್ಲಿ.

ಮತ್ತ ಪಾಲಿಸಿ ಪಾಲಿಸಿ ಅಂತಾರಲ್ಲ, ಮಾಲು ದೋಷ ಇದ್ರ, ನಕಲಿ ಇದ್ರ, ಜಾಹೀರಾತಿನಾಗ ತೋರಿಸಿದಂಗ ಇಲ್ದಿದ್ರ ಮಾರಿದವನು ವಾಪಸ್ ತಗೊಳ್ಳಂಗಿಲ್ಲ ರೊಕ್ಕ ಕೊಡಂಗಿಲ್ಲ ಅನ್ನಾಕ ಬರಂಗಿಲ್ಲ ಅಂತನೂ ಆ ನಿಯಮದಾಗ ಐತಿ. ಬಣ್ಣ ಮನಸಿಗೆ ಬರ್ಲಿಲ್ಲ ಅಂತ ವಾಪಸ್ ಮಾಡೋದು ಬ್ಯಾರೆ, ಅದಕ್ಕ ಅವ್ರ ಏಳು ದಿನ ಹತ್ತು ದಿನದ ಲೆಕ್ಕ ಇಟ್ಕೋಳ್ಳಿ. 12 ಅಂತ ಹೇಳಿ 8 ಕೊಟ್ಟಿದ್ದಕ್ಕ, ಹಳೇದು ಹೊಸಾದು ಅಂತ ಕೊಟ್ಟಿದ್ದಕ್ಕ ಕಂಪನಿ ತನ್ನಷ್ಟಕ್ಕ ಬರಕೊಂಡ ಪಾಲಿಸಿ ದೇಶದ ಕಾಯ್ದೆಗಿಂತ ದೊಡ್ಡದಾಗಂಗಿಲ್ಲ. ಒಂದು ತೋರಿಸಿ ಇನ್ನೊಂದು ಹಚ್ಚೋ ಇಂಥಾ ಆಟಗಳನ್ನ 2023ರ ನವೆಂಬರ್‌ನಾಗ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿದಾಗನೂ ನಿಷೇಧ ಮಾಡ್ಯಾರ, ಅಂಥಾ 13 ಬಗಿ ಮೋಸದ ಪಟ್ಟಿ ಅದರಾಗ ಐತಿ, ಗೊತ್ತಿಲ್ದಂಗ ಕಾರ್ಟಿಗೆ ಇನ್ನೊಂದು ಐಟಂ ಸೇರ್ಸೋದು ಸೈತ.

ನಾವು ಬರೇ ವೇದಿಕೆ ಅನ್ನೋ ಮಾತಿಗೂ ಒಂದು ಉತ್ತರ ಆಗಲೇ ಬಂದೈತಿ. ಇದು ನಮ್ಮ ಪಂಪಿಗೆ ಸಂಬಂಧ ಇಲ್ಲದ ಬ್ಯಾರೆ ವಿಷಯ, ಎಲ್ಲಾರೂ ಓದಿದ ಸುದ್ದಿ. 2022ರ ಆಗಸ್ಟ್‌ನಾಗ ಸರ್ಕಾರ ಕಡ್ಡಾಯ ಮಾಡಿದ ಗುಣಮಟ್ಟ ಇಲ್ಲದ ಪ್ರೆಶರ್ ಕುಕ್ಕರ್ ತಮ್ಮ ವೇದಿಕೆದಾಗ ಮಾರಾಕ ಬಿಟ್ಟಿದ್ದಕ್ಕ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೆ 1 ಲಕ್ಷ ದಂಡ ಹಾಕಿ, 2,265 ಕುಕ್ಕರ್ ತಗೊಂಡವ್ರಿಗೆಲ್ಲ ತಿಳಿಸಿ ಕುಕ್ಕರ್ ವಾಪಸ್ ತಗೊಂಡು ರೊಕ್ಕ ಕೊಡ್ರಿ ಅಂತ ಆದೇಶ ಮಾಡ್ತು, ಅದ ತಿಂಗಳು ಫ್ಲಿಪ್‌ಕಾರ್ಟ್‌ಗೂ 598 ಕುಕ್ಕರ್ ವಿಷಯದಾಗ ಅಂಥದ್ದ ಆದೇಶ ಆತು. ಒಂದೊಂದು ಮಾರಾಟದಾಗೂ ರೊಕ್ಕ ಗಳಿಸಿ, ತೊಂದ್ರಿ ಬಂದಾಗ ನಮಗೇನೂ ಸಂಬಂಧ ಇಲ್ಲ ಅನ್ನಾಕ ಬರಂಗಿಲ್ಲ ಅನ್ನೋದು ಪ್ರಾಧಿಕಾರದ ನಿಲುವು. ಕುಕ್ಕರ್ ಅಂದ್ರ ಜೀವದ ವಿಷಯ, ಪಂಪು ಅಷ್ಟು ದೊಡ್ಡದಲ್ಲ ಅನಬಹುದು, ಆದ್ರ ವಿಷದ ಔಷಧ ಬೆನ್ನಿಗೆ ಕಟ್ಟಿಕೊಂಡು ಗದ್ದೆದಾಗ ನಡಿಯೋನಿಗೆ ಸೋರೋ ಹಳೆ ಪಂಪು ಕೊಟ್ರ ಅದೂ ಜೀವದ ವಿಷಯನ.

ನಮ್ಮ ಕಡಿ ಮುಂದ ಏನಾತು ಅಂದ್ರ ದೂರು ಮುಟ್ಟೈತಿ ಅಂತ ನಂಬರ್ ಬಂತು, ತಿಂಗಳು ದಾಟಿದ್ರೂ ರೊಕ್ಕ ಬರ್ಲಿಲ್ಲ. ಆವಾಗ 1915ಕ್ಕ ಫೋನ್ ಹಚ್ಚಿದೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಪುಕ್ಕಟೆ, 17 ಭಾಷೆದಾಗ ಐತಿ, ಕನ್ನಡ ಆರಿಸಿದ್ರ ಕನ್ನಡದಾಗ ಮಾತಾಡ್ತಾರ. ಫೋನ್ ಬ್ಯಾಡಂದ್ರ ಅವ್ರ ವೆಬ್‌ಸೈಟ್ ಐತಿ, ಸರ್ಕಾರದ ಉಮಂಗ್ ಆ್ಯಪಿನಾಗೂ ಹಾಕಬಹುದು. ದೂರು ಬರಕೊಂಡು ಡಾಕೆಟ್ ನಂಬರ್ ಕೊಟ್ಟು ಕಂಪನಿಗೆ ಕಳಿಸ್ತಾರ. ಎಷ್ಟೋ ಮಂದಿದು ಇಲ್ಲೇ ಮುಗಿತೈತಿ, ಚಾಟಿನಾಗ ಆಗಂಗಿಲ್ಲ ಅಂದ ಕಂಪನಿ ಸಹಾಯವಾಣಿಯಿಂದ ಬಂದ ಮ್ಯಾಲ ಆಗ್ತೈತಿ ಅಂತೈತಿ. ಆದ್ರ ಒಂದು ತಿಳ್ಕೋರಿ, ಸಹಾಯವಾಣಿಗೆ ಆದೇಶ ಮಾಡೋ ಅಧಿಕಾರ ಇಲ್ಲ, ನಡುವ ನಿಂತು ಬಗೆಹರಿಸಾಕ ನೋಡ್ತೈತಿ ಅಷ್ಟ. ನಮ್ಮ ಕಂಪನಿ ಅಲ್ಲೂ ಅದ ಪಾಲಿಸಿ ಹಾಡು ಹಾಡಿ ಮುಗಿಸಿಬಿಡ್ತು. ಸಹಾಯವಾಣಿದಾಗ ಕೇಸ್ ಮುಚ್ಚಿತು ಅಂದ್ರ ಎಲ್ಲಾ ಮುಗೀತು ಅಂತ ತಿಳ್ಕೊಳ್ಳೋರ ಬಾಳ ಮಂದಿ, ಹಂಗಿಲ್ರಿ, ಖರೇ ದೂರು ಅಲ್ಲಿಂದ ಮುಂದ ಶುರು ಆಗ್ತೈತಿ.

ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ ಕೊಪ್ಪಳದಾಗೂ ಐತಿ, ರಾಯಚೂರಿನಾಗೂ ಐತಿ, ಬಳ್ಳಾರಿದಾಗೂ ಐತಿ. ಹಳೆ 1986ರ ಕಾಯ್ದೆದಾಗ ಕಂಪನಿ ಎಲ್ಲೈತಿ, ಶಾಖೆ ಎಲ್ಲೈತಿ, ವ್ಯವಹಾರ ಎಲ್ಲಿ ನಡೀತು ಅಂತ ನೋಡಬೇಕಿತ್ತು. ಈಗಿನ ಕಾಯ್ದೆದಾಗ ನಾವು ಎಲ್ಲಿ ಇರ್ತೀವಿ, ಎಲ್ಲಿ ದುಡಿತೀವಿ ಅಲ್ಲಿನ ಆಯೋಗದಾಗ ಹಾಕಾಕ ಬರ್ತೈತಿ. ಕಂಪನಿ ಬೆಂಗಳೂರಿನಾಗಿದ್ರೂ ಸರಿ, ಮಾರಿದವನು ದಿಲ್ಲಿದಾಗಿದ್ರೂ ಸರಿ, ಕೊಪ್ಪಳಕ್ಕ ಬಂದು ಉತ್ತರ ಕೊಡಬೇಕು. 50 ಲಕ್ಷದ ತನಕದ ವ್ಯವಹಾರ ಜಿಲ್ಲಾ ಆಯೋಗದಾಗ ನಡಿತೈತಿ, ಅದರಾಗ 5 ಲಕ್ಷದ ತನಕ ಫೀಸ ಇಲ್ಲ. ಒಂದು ರೂಪಾಯಿನೂ ಇಲ್ಲ! ವಕೀಲರನ್ನ ಇಡಲೇಬೇಕಂತನೂ ಇಲ್ಲ, ನಮ್ಮ ದೂರು ನಾವ ಹೇಳಬಹುದು. ತೊಂದ್ರಿ ಆದ ದಿನದಿಂದ 2 ವರ್ಷದೊಳಗ ಹಾಕಬೇಕು. ಇ-ಜಾಗೃತಿ ಅನ್ನೋ ಪೋರ್ಟಲ್ 2025ರ ಜನವರಿ 1ರಿಂದ ಬಂದೈತಿ, ಮನಿದಾಗ ಕುಂತ ಹಾಕಬಹುದು, ವಿಡಿಯೋದಾಗ ಹಾಜರಾಗಾಕೂ ಕಾಯ್ದೆದಾಗ ಅವಕಾಶ ಐತಿ. ನೋಟಿಸ್ ಮುಟ್ಟಿದ ಮ್ಯಾಲ ಕಂಪನಿ 30 ದಿನದಾಗ ಉತ್ತರ ಹಾಕಬೇಕು, ಆಯೋಗ ಕೊಟ್ರ ಇನ್ನ 15 ದಿನ, ಅದರ ಮುಂದ ಇಲ್ಲ, ಇದನ್ನ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠನ 2020ರಾಗ ಗಟ್ಟಿ ಮಾಡೈತಿ. ರೊಕ್ಕದ ಜೋಡಿ ನಮಗಾದ ತ್ರಾಸಿಗೆ ಪರಿಹಾರ, ಖರ್ಚು ಸೈತ ಕೇಳಬಹುದು. ಆದೇಶ ಆದ ಮ್ಯಾಲೂ ಕಂಪನಿ ಪಾಲಿಸಲಿಲ್ಲಂದ್ರ ಜೈಲು, ಕಡಿಮಿ ಅಂದ್ರ 25 ಸಾವಿರ ದಂಡ ಅಂತೆಲ್ಲಾ ಕಾಯ್ದೆದಾಗ ಐತಿ.

ರೈತರು ಒಂದು ಮಾತು ಗಮನ ಇಟ್ಟು ಓದ್ರಿ. ಪಂಪು ನೀವು ವ್ಯಾಪಾರಕ್ಕ ತಗೊಂಡೀರಿ, ನೀವು ಗ್ರಾಹಕರ ಅಲ್ಲ ಅಂತ ಕಂಪನಿ ಕಡಿಯಿಂದ ಒಂದು ಮಾತು ಬಂತು. ಕಾಯ್ದೆದಾಗ ವಾಣಿಜ್ಯ ಉದ್ದೇಶಕ್ಕ ತಗೊಂಡವ್ರು ಗ್ರಾಹಕರಲ್ಲ ಅಂತ ಐತಿ ಖರೇ, ಆದ್ರ ಅದ ಕಲಮಿನ ಕೆಳಗ ವಿವರಣೆನೂ ಐತಿ, ಸ್ವಂತ ದುಡಿದು ಹೊಟ್ಟಿ ಹೊರಕೊಳ್ಳಾಕ ತಗೊಂಡು ತಾನ ಬಳಸಿದ್ರ ಅದು ವಾಣಿಜ್ಯ ಉದ್ದೇಶ ಅಲ್ಲ. ತನ್ನ ಹೊಲದಾಗ ತಾನ ಎಣ್ಣಿ ಹೊಡಿಯೋ ರೈತ, ಮನಿದಾಗ ಬಟ್ಟಿ ಹೊಲಿಯಾಕ ಮಷೀನ್ ತರಿಸಿದ ಅಕ್ಕ, ಬಾಜೂದಾಗ ಸಣ್ಣ ಜೆರಾಕ್ಸ್ ಅಂಗಡಿ ಇಟ್ಟು ಪ್ರಿಂಟರ್ ತರಿಸಿದ ಹುಡುಗ, ಇವ್ರೆಲ್ಲಾ ಈ ವಿವರಣೆ ಹಿಡ್ದು ವಾದ ಮಾಡಬಹುದು. ಕಂಪನಿಯವ್ರು ಇಂಗ್ಲಿಷಿನಾಗ ಕಮರ್ಷಿಯಲ್ ಅಂತ ಒಂದು ಮಾತು ಬರದು ಕಳಿಸಿದ ಕೂಡ್ಲೆ ಹೆದರಿ ಕೂಡೋದು ಬ್ಯಾಡ.

ನಡುವ ಒಂದು ಎಚ್ಚರಿಕಿ. ಕಸ್ಟಮರ್ ಕೇರ್ ನಂಬರ್ ಅಂತ ಗೂಗಲ್‌ನಾಗ ಹುಡುಕಿ ಮ್ಯಾಲ ಬಂದ ನಂಬರಿಗೆ ಹಚ್ಚಬ್ಯಾಡ್ರಿ, ಅಲ್ಲಿ ಕಳ್ಳರು ತಮ್ಮ ನಂಬರ್ ಹಾಕಿರ್ತಾರ, ರಿಫಂಡ್ ಕೊಡ್ತೀವಿ ಈ ಆ್ಯಪ್ ಹಾಕ್ಕೋರಿ ಅಂತ ಹೇಳಿ ಇದ್ದಬದ್ದದ್ದೂ ಬಳಕೊಂಡು ಹೋಗ್ತಾರ. ನಂಬರ್ ಕಂಪನಿ ಆ್ಯಪಿನ ಒಳಗಿಂದ ಅಷ್ಟ ತಗೋರಿ. ಹಂಗೇನರ ರೊಕ್ಕ ಹೋದ್ರ ತಡ ಮಾಡದಂಗ 1930ಕ್ಕ ಹಚ್ಚಬೇಕು, ಅದು ಸೈಬರ್ ವಂಚನೆದ್ದು, 1915 ಬ್ಯಾರೆ, 1930 ಬ್ಯಾರೆ.

ಮೂರು ಸಾವಿರಕ್ಕ ಇಷ್ಟೆಲ್ಲಾ ಯಾಕೋ ಮಾರಾಯ ಅಂತ ಊರಾಗ ಕೇಳಿದವ್ರು ಅದಾರ. ಮೂರು ಸಾವಿರ ಅಂದ್ರ ನಮ್ಮ ಕಡಿ ಕೂಲಿ ಮಾಡೋ ಮನಿಗೆ ಎಷ್ಟು ದಿನದ ದುಡಿಮಿ ಅಂತ ಅವ್ರ ಲೆಕ್ಕ ಹಾಕ್ಲಿ. ಮಂದಿ ಸಣ್ಣ ರೊಕ್ಕಕ್ಕ ದೂರು ಕೊಡಂಗಿಲ್ಲ ಅನ್ನೋದು ಕಂಪನಿಗೆ ಚೊಲೋ ಗೊತ್ತೈತಿ, ಹೊಲದ ಬದುವಿನಾಗ ಒಂದ ತೂತು ಬಿಟ್ಟಂಗ ಅದು, ನೀರು ದಿನಾ ಹೋಕ್ಕೊಂತನ ಇರ್ತೈತಿ. ಇನ್ನ ಕೆಲವ್ರು ನಮ್ಮ ಗಂಗಾವತಿ ಅಂಗಡಿದಾಗ ತಗೊಂಡಿದ್ರ ಇದೆಲ್ಲಾ ಇರ್ತಿರಲಿಲ್ಲ ಅಂದ್ರು. ಆ ಮಾತಿನಾಗ ಸತ್ಯ ಐತಿ, ಅಂಗಡಿಯವನು ಎದುರಿಗೆ ಚಾಲೂ ಮಾಡಿ ತೋರಿಸ್ತಿದ್ದ, ಕೆಟ್ರ ಹೋಗಿ ಮುಂದ ಇಟ್ಟು ಕೇಳಬಹುದಿತ್ತು. ಆದ್ರ ಒಂದು ಸಾಮಾನು ಊರಾಗ ಸಿಗಂಗಿಲ್ಲ, ಇನ್ನೊಂದರ ರೇಟಿನಾಗ ಐದುನೂರು ಫರಕ್ ಇರ್ತೈತಿ, ಮಂದಿ ಆನ್‌ಲೈನಿನಾಗ ತಗೊಳ್ಳೋದು ತಪ್ಪೇನಲ್ಲ. ತಗೊಂಡ ಮ್ಯಾಲ ಕೇಳೋ ಹಕ್ಕು ಅಂಗಡಿದಾಗ ಎಷ್ಟೈತಿ ಆ್ಯಪಿನಾಗೂ ಅಷ್ಟ ಇರಬೇಕು.

ಈಗ ನನ್ನ ಬೇಡಿಕಿ. ಕರ್ನಾಟಕದಾಗ ಕನ್ನಡದಾಗ ಜಾಹೀರಾತು ಹಾಕಿ, ಆ್ಯಪನ್ನೂ ಕನ್ನಡದಾಗ ತೋರಿಸಿ ವ್ಯಾಪಾರ ಮಾಡೋ ಕಂಪನಿ ದೂರನ್ನೂ ಕನ್ನಡದಾಗ ತಗೋಬೇಕು, ಕುಂದುಕೊರತೆ ಅಧಿಕಾರಿ ವಿವರ ಆರ್ಡರ್ ಪೇಜಿನಾಗ ಬಿಲ್ಲಿನ ಬಾಜೂಕ ಇರಬೇಕು, ಮಾಲು ಮುಟ್ಟಿಸೋ ಪ್ರತಿ ಪಿನ್‌ಕೋಡಿನಿಂದ ವಾಪಸ್ ಒಯ್ಯೋ ವ್ಯವಸ್ಥಾನೂ ಇರಬೇಕು. ಆಗಂಗಿಲ್ಲಂದ್ರ ಆರ್ಡರ್ ಹಾಕೋಕಿಂತ ಮೊದ್ಲ ಹೇಳ್ಬೇಕು, ರೊಕ್ಕ ತಗೊಂಡ ಮ್ಯಾಲ ಅಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಈ ನಮ್ಮ ಮೂರೂ ಜಿಲ್ಲಾ ಆಡಳಿತಕ್ಕ ಕೇಳೋದು ಅಂದ್ರ ಡಿಸೆಂಬರ್ 24ಕ್ಕ ರಾಷ್ಟ್ರೀಯ ಗ್ರಾಹಕರ ದಿನ ಅಂತ ಮಾಡೋ ಕಾರ್ಯಕ್ರಮ ಜಿಲ್ಲಾ ಕೇಂದ್ರದ ಸಭಾಂಗಣದಾಗ ಭಾಷಣಕ್ಕ ಮುಗಿಸಬ್ಯಾಡ್ರಿ, ತಾಲೂಕಿಗೆ ಬರ್ರಿ, ಸಂತಿ ದಿನ ಬರ್ರಿ, ಒಂದು ಟೇಬಲ್ ಹಾಕಿ ಇ-ಜಾಗೃತಿದಾಗ ದೂರು ಹೆಂಗ ಹಾಕೋದು ಅಂತ ಮಾಡಿ ತೋರಿಸ್ರಿ. ಗ್ರಾಮ ಒನ್ ಕೇಂದ್ರದ ಹುಡುಗರಿಗೆ ಇದನ್ನ ಕಲಿಸಿದ್ರ ಹಳ್ಳಿದಾಗನ ಕೆಲಸ ಆಗ್ತೈತಿ. ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನಾಗ ಐತಿ, ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿ ಮಂದಿಗೆ, ಆದಾಯ ಕಡಿಮಿ ಇದ್ದವ್ರಿಗೆ ಅಲ್ಲಿ ಪುಕ್ಕಟೆ ಕಾನೂನು ನೆರವು ಸಿಗ್ತೈತಿ, ಅದು ಬರೇ ಜಮೀನು ಜಗಳಕ್ಕ ಅಂತ ಮಂದಿ ತಿಳ್ಕೊಂಡಾರ, ಗ್ರಾಹಕರ ದೂರಿಗೂ ಹೋಗಿ ಕೇಳ್ರಿ.

ನಮ್ಮ ದೂರು ಆಯೋಗಕ್ಕ ಹಾಕಿ ಆಗೈತಿ, ಕಂಪನಿ ಮತ್ತ ಮಾರಿದವನು ಇಬ್ರನ್ನೂ ಎದುರುದಾರರು ಮಾಡೀನಿ, ಪಂಪು ನಾಜಲ್ ಸಮೇತ ಹಂಗ ಕಟ್ಟಿಟ್ಟೀನಿ, ತೊಳೆದಿಲ್ಲ. ತೀರ್ಪು ಯಾವ ಕಡಿ ಬಂದ್ರೂ ನಿಮಗ ಬರದು ತಿಳಿಸ್ತೀನಿ. ಸಂಪಾದಕರೇ, ನಿಮ್ಮ ಕಡಿಯಿಂದ ಒಂದು ಸಹಾಯ ಬೇಕು, ವಾರಕ್ಕೊಮ್ಮೆ ಜಿಲ್ಲಾ ಪುಟದ ಮೂಲಿದಾಗ ಸಣ್ಣ ಬಾಕ್ಸ್ ಮಾಡಿ 1915, 1930, ಜಿಲ್ಲಾ ಆಯೋಗದ ವಿಳಾಸ, ಇ-ಜಾಗೃತಿ ಹೆಸರು ಇಷ್ಟನ್ನ ಹಾಕ್ರಿ. ನಾನು ಕುಂದುಕೊರತೆ ಅಧಿಕಾರಿಗೆ ಬರದ ಕನ್ನಡ ಪತ್ರ, ಆಯೋಗಕ್ಕ ಹಾಕಿದ ದೂರು ಎರಡರ ನಕಲನ್ನ ಹೆಸರು ನಂಬರ್ ತಗದು ಈ ಪತ್ರದ ಜೋಡಿ ಇಟ್ಟೀನಿ, ಮಾದರಿ ಬೇಕು ಅಂತ ಯಾರರ ನಿಮ್ಮ ಕಚೇರಿಗೆ ಬಂದು ಕೇಳಿದ್ರ ಜೆರಾಕ್ಸ್ ಮಾಡಿಸ್ಕೊಳ್ಳಾಕ ಕೊಡ್ರಿ.

ಇಂತಿ,
ಒಬ್ಬ ಓದುಗ,
ಕಾರಟಗಿ ತಾಲೂಕು, ಕೊಪ್ಪಳ ಜಿಲ್ಲೆ